ಮೇಜಿನ ಡ್ರಾಯರ್ ತೆರೆದಾಗ

(ಪವಿತ್ರ ಕುಟುಂಬದ ಹಬ್ಬದಂದು ನೀಡಿದ ಪ್ರಬೋಧನೆ)



ಕ್ರಿಸ್ಮಸ್ ಹಬ್ಬಕ್ಕೆಂದು ನಾವೆಲ್ಲರೂ ಮನೆಗೆ ಸುಣ್ಣಬಣ್ಣ ಬಳಿದೆವು, ಜೇಡರ ಬಲೆ ತೆಗೆದೆವು, ಗೋದಲಿ ಕಟ್ಟಿದೆವು. ಆದರೆ ನಿಜ ಹೇಳಿ, ಟಿ.ವಿ. ಮೇಜಿನ ಡ್ರಾಯರ್ ಸ್ವಚ್ಛ ಮಾಡಿದವರು ಎಷ್ಟು ಮಂದಿ? ನಗುತ್ತಿದ್ದೀರಿ. ಕೈಗೆ ಸಿಕ್ಕಿದ್ದನ್ನೆಲ್ಲ ಅದರೊಳಗೆ ತುರುಕಿ ಮುಚ್ಚಿದರೆ ಮನೆ ಚೊಕ್ಕಟವಾದಂತೆ ಎಂಬುದು ನಮ್ಮೆಲ್ಲರ ಲೆಕ್ಕ.

ಆಗಮನ ಕಾಲದಲ್ಲಿ ಮನೆ ಭೇಟಿಗೆಂದು ನಾವು ಹಲಗೇರಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಯಜಮಾನರು ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ವಯಸ್ಸು ಐವತ್ತೆರಡು. ಹೊಲವನ್ನು ಪೌತಿ ಖಾತೆ ಮಾಡಿಸಲು ಕಾಗದಪತ್ರ ಬೇಕು, ಎಲ್ಲಿವೆಯೋ ಯಾರಿಗೂ ತಿಳಿಯದು. ಆ ತಾಯಿ ಇಡೀ ಡ್ರಾಯರನ್ನೇ ಎಳೆದು ತಂದು ಚಾಪೆಯ ಮೇಲೆ ಸುರುವಿದರು. ಪ್ರಾರ್ಥನೆ ಮುಗಿಸಿ ನಾವೂ ಸುತ್ತ ಕುಳಿತೆವು.

ಏನೆಲ್ಲ ಬಂತು! ಬ್ಯಾಡಗಿಯ ದಲಾಲಿ ಅಂಗಡಿಯ ಮೆಣಸಿನಕಾಯಿ ಪಟ್ಟಿಗಳು, ಸತ್ತ ಸೆಲ್ಲುಗಳು, ಯಾವ ಬೀಗಕ್ಕೂ ಹೊಂದದ ಐದು ಕೀಲಿ, 2011ರಲ್ಲೇ ಚಲಾವಣೆ ನಿಂತ ನಾಲ್ಕಾಣೆ ನಾಣ್ಯಗಳು. ಮಡಚಿಟ್ಟ ಹಳೆಯ ಐನೂರರ ನೋಟೊಂದು ಸಿಕ್ಕಿತು. ಅಜ್ಜಿ ಕಷ್ಟಕಾಲಕ್ಕೆಂದು ಮುಚ್ಚಿಟ್ಟದ್ದಂತೆ. 2016ರ ನವೆಂಬರ್ 8ರ ರಾತ್ರಿ ಅದು ಬರೀ ಕಾಗದವಾಯಿತು. ಮನೆಯವರಿಗೆ ನೆನಪಾಗಿದ್ದರೆ ಆ ಡಿಸೆಂಬರ್ ಮುಗಿಯುವುದರೊಳಗೆ ಬ್ಯಾಂಕಿಗೆ ಕಟ್ಟಬಹುದಿತ್ತು. ನಮಗೆ ಭಯವಾದದ್ದು ಇನ್ನೊಂದನ್ನು ಕಂಡು. ಔಷಧಿ ಸವರಿದ ಗೋವಿನಜೋಳದ ಬೀಜದ ಹರಿದ ಚೀಟು, ಅದರ ಪಕ್ಕದಲ್ಲೇ ಮಕ್ಕಳ ಜ್ವರದ ಮಾತ್ರೆ. ಆ ಬಣ್ಣದ ಕಾಳನ್ನು ಮಗು ಪೆಪ್ಪರಮೆಂಟ್ ಎಂದುಕೊಂಡರೆ? ಬೀಜವನ್ನು ಆಗಲೇ ಹೊರಗೆ ಇಡಿಸಿದೆವು.

ಹೊಲದ ಉತಾರ ಸಿಕ್ಕಿತು. ಅದರ ಕೆಳಗೆ ಒಂದು ಪಾಸ್‌ಬುಕ್ಕು. ಮಗ ಪುಟ ತಿರುವುತ್ತ, "ಫಾದರ್, ವರ್ಷಾ ಮೇ ತಿಂಗಳದಾಗ 436 ರೂಪಾಯಿ ಕಟ್ ಆಗೇತ್ರಿ. ಬ್ಯಾಂಕಿನವ್ರು ಸುಮ್‌ಸುಮ್ನ ಹಿಡೀತಾರಂತ ಅಪ್ಪ ಬೈತಿದ್ರು," ಎಂದ. ನಾವು ನೋಡಿದೆವು. ಅದು ಬ್ಯಾಂಕಿನ ದಂಡವಲ್ಲ, ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 2015ರಲ್ಲಿ ಶುರುವಾದಾಗ 330 ಇತ್ತು, 2022ರ ಜೂನ್‌ನಿಂದ 436. ಕಂತು ಕಟ್ಟಿದ ವರ್ಷದಲ್ಲಿ ಸದಸ್ಯರು ತೀರಿಕೊಂಡರೆ ನಾಮಿನಿಗೆ ಎರಡು ಲಕ್ಷ ರೂಪಾಯಿ. ಯಾವಾಗಲೋ ಒಂದು ಅರ್ಜಿಗೆ ರುಜು ಹಾಕಿ ಆ ಮನುಷ್ಯ ಮರೆತೇಬಿಟ್ಟಿದ್ದರು. ಇತ್ತ ಅವರ ಮಡದಿ ಆಸ್ಪತ್ರೆಯ ಸಾಲಕ್ಕೆ ಕಿವಿಯ ಬೆಂಡೋಲೆ ಒತ್ತೆ ಇಟ್ಟಿದ್ದರು. ಸೋಮವಾರ ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋಗಿ ಎಂದು ಹೇಳಿ ಬಂದೆವು. ಅರ್ಜಿ ಕೊಟ್ಟಿದ್ದಾರೆ, ಹಣ ಇನ್ನೂ ಬಂದಿಲ್ಲ.

ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸಿನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರಲ್ಲ, ಸಂತ ಲೂಕರ ಶುಭಸಂದೇಶದಲ್ಲಿ. ಆಕೆಗೆ ಕನಿಷ್ಠ ಏನು ಕಳೆದಿದೆ ಎಂಬುದು ಗೊತ್ತಿತ್ತು. ಈ ತಾಯಿಗೆ ಅದೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಹೇಳಿರಲಿಲ್ಲ. ನಮ್ಮ ಗಂಡಸರು ಕಾಗದಪತ್ರದ ವಿಷಯ "ನಿನಗೇನು ತಿಳೀತದ" ಎಂದು ಹೆಂಡತಿಯ ಬಾಯಿ ಮುಚ್ಚಿಸುವುದುಂಟು. ನಜರೇತಿನ ಆ ಮನೆಯಲ್ಲಿ ಹೀಗೆ ನಡೆಯುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ.

ಆದ್ದರಿಂದ ಇಂದು ಸಂಜೆ ಜಪಮಾಲೆಯಾದ ಮೇಲೆ ಗಂಡ, ಹೆಂಡತಿ, ದೊಡ್ಡ ಮಕ್ಕಳು ಕೂಡಿ ಕುಳಿತು ಡ್ರಾಯರ್ ಸುರುವಿರಿ. ಉತಾರ, ಪಾಸ್‌ಬುಕ್ಕು, ವಿಮೆ, ಜ್ಞಾನಸ್ನಾನ ಪತ್ರ ಒಂದೇ ಚೀಲದಲ್ಲಿರಲಿ. ನಾಮಿನಿ ಯಾರೆಂದು ಗಟ್ಟಿಯಾಗಿ ಓದಿ ಹೇಳಿರಿ. ಎಷ್ಟೋ ಪಾಸ್‌ಬುಕ್ಕಿನಲ್ಲಿ ತೀರಿಹೋದ ತಾಯಿಯ ಹೆಸರೇ ಉಳಿದಿರುತ್ತದೆ. ಅವಧಿ ಮುಗಿದ ಮಾತ್ರೆಗಳನ್ನು ಬೇರೆ ತೆಗೆಯಿರಿ. ತುಂಡಾದ ಜಪಮಾಲೆಯನ್ನು ಕಸಕ್ಕೆ ಎಸೆಯದೆ ಮಣ್ಣಿನಲ್ಲಿ ಹೂಳಿರಿ. ಒಣಗಿದ ಗರಿಗಳನ್ನು ಚರ್ಚಿಗೆ ತನ್ನಿರಿ, ವಿಭೂತಿ ಬುಧವಾರಕ್ಕೆ ಬೇಕು.

ನಮ್ಮ ಮೇಜಿನ ಡ್ರಾಯರನ್ನೂ ಇಂದು ತೆರೆಯುತ್ತೇವೆ. ಅದರಲ್ಲಿ ಯಾರದೋ ವಿವಾಹ ಪತ್ರ ಸಿಕ್ಕಿಕೊಂಡಿದೆ ಎಂಬ ಅನುಮಾನ ನಮಗಿದೆ. ಎರಡು ವರ್ಷದಿಂದ ಕೇಳುತ್ತಿರುವವರು ದಯವಿಟ್ಟು ನಾಳೆ ಬೆಳಿಗ್ಗೆ ಬನ್ನಿ.