ಹೇಳಿಕೊಳ್ಳೋಕೆ ಮನೆಯಲ್ಲಿ ಒಬ್ಬರು

ಬರಗೂರಿನ ಸಾಂಸ್ಕೃತಿಕ ಸಂಘದ ವೇದಿಕೆಯಲ್ಲಿ ಹದಿಹರೆಯದ ಲೈಂಗಿಕ ಆರೋಗ್ಯದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಇದು ಆಸ್ಪತ್ರೆಯ ಬಾಗಿಲು ಮುಟ್ಟುವುದು ಕೊನೆಗೆ. ಅದಕ್ಕೂ ಬಹಳ ಮೊದಲು ನಮ್ಮ ಮನೆಯ ಪಡಸಾಲೆಯಲ್ಲಿ, ನೆಂಟಸ್ತಿಕೆಯಲ್ಲಿ, ನಮ್ಮ ಆಚರಣೆಗಳಲ್ಲಿ ಶುರುವಾಗಿರುತ್ತದೆ. ಅದಕ್ಕೇ ಒಪ್ಪಿಕೊಂಡು ಬಂದೆ.

ಮೈನೆರೆಯುವುದನ್ನು ನಮ್ಮ ಸೀಮೆ ಎಂದೂ ಮುಚ್ಚಿಟ್ಟಿಲ್ಲ. ಹುಡುಗಿ ದೊಡ್ಡವಳಾದಳು ಅಂದರೆ ಸೋದರಮಾವನಿಗೆ ಹೇಳಿಕಳಿಸುತ್ತಾರೆ. ಅವನು ಹಸಿ ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುತ್ತಾರೆ. ಸಂಜೆ ಒಸಗೆ, ಆರತಿ, ಮುತ್ತೈದೆಯರ ಹಾಡು. ಈಗೀಗ ಶಾಮಿಯಾನ, ಫ್ಲೆಕ್ಸು ಕೂಡ. ಇಡೀ ಬೀದಿಗೆ ಸುದ್ದಿ ಗೊತ್ತು. ಮಧ್ಯೆ ಮಣೆ ಮೇಲೆ ಕೂತ ಹನ್ನೆರಡು ವರ್ಷದ ಮಗುವಿಗೆ ಮಾತ್ರ, ನಿನ್ನ ಮೈಯಲ್ಲಿ ಆಗಿದ್ದು ಇದು, ಇದರಿಂದ ಹೆದರಬೇಡ ಅಂತ ಯಾರೂ ಪಕ್ಕದಲ್ಲಿ ಕೂತು ಹೇಳಿರುವುದಿಲ್ಲ. ಅವಳ ಕಿವಿಗೆ ಬೀಳುವುದು ಬರೀ ಆಜ್ಞೆಗಳು: ಹುಡುಗರ ಜೊತೆ ಮಾತು ಬೇಡ, ಹೊತ್ತು ಮುಳುಗೋದರೊಳಗೆ ಮನೆ ಸೇರು, ದೇವರ ಕೋಣೆ ಕಡೆ ಬರಬೇಡ. ಅದೇ ಆರತಿಯಲ್ಲಿ ಕೂತ ನೆಂಟರಲ್ಲಿ ಒಬ್ಬರು "ನಮ್ಮ ಹುಡುಗನಿಗೇ ಇರಲಿ ಬಿಡಿ" ಅಂತ ಮಾತು ಹಾಕಿಬಿಡುತ್ತಾರೆ. ಮಗು ಇನ್ನೂ ಏಳನೇ ಕ್ಲಾಸು.

ಗೊಲ್ಲರಹಟ್ಟಿಗಳ ಮಾತನ್ನೂ ಆಡಲೇಬೇಕು. ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಕಾಡುಗೊಲ್ಲರ ಬಗ್ಗೆ ನನಗೆ ದೊಡ್ಡ ಗೌರವವಿದೆ, ಆ ಗೌರವದಿಂದಲೇ ಹೇಳುತ್ತೇನೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಸೂತಕದ ಹೆಸರಲ್ಲಿ ಹಟ್ಟಿಯಾಚೆ ಗುಡಿಸಲಲ್ಲಿ ಇಟ್ಟರು. ಮಳೆ, ಥಂಡಿ. ಕೂಸು ತೀರಿಕೊಂಡಿತು. ಮುಟ್ಟಾದವರು, ಬಾಣಂತಿಯರು ಉಳಿಯಲೆಂದು ಸರ್ಕಾರ ಕಟ್ಟಿಸಿರುವ ಕೃಷ್ಣ ಕುಟೀರಗಳು ಬಯಲಿಗಿಂತ ಮೇಲು, ನಿಜ. ಆದರೆ ಪ್ರತಿ ತಿಂಗಳೂ ಮನೆಯಿಂದ ಆಚೆ ಮಲಗುವ ಹದಿಮೂರರ ಹುಡುಗಿ ಕಲಿಯುವುದೇನು? ತನ್ನ ಮೈ ಅಂದರೆ ಮನೆಯವರಿಂದ ದೂರ ಇಡಬೇಕಾದದ್ದು ಅಂತ. ಆ ಮೈಗೆ ಯಾರಾದರೂ ಕೈಹಾಕಿದರೆ ಅವಳು ಅದನ್ನು ಅದೇ ಮನೆಯವರ ಮುಂದೆ ಹೇಗೆ ಬಾಯಿಬಿಟ್ಟಾಳು?

ನಾನು ಈ ಸಂಜೆ ಹೇಳಬೇಕೆಂದಿರುವುದು ಒಂದೇ. ಮಕ್ಕಳು ಕೆಡದಂತೆ ಕಾಯುತ್ತೇವೆ ಅಂದುಕೊಂಡು ನಾವು ಮಾಡುವ ಎರಡು ಕೆಲಸಗಳೇ, ಶಾಲೆ ಬಿಡಿಸುವುದು ಮತ್ತು ಬೇಗ ಮದುವೆ ಮಾಡುವುದು, ಅವರನ್ನು ದೊಡ್ಡ ಅಪಾಯಕ್ಕೆ ತಳ್ಳುತ್ತಿವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು 2015–16ರ ಸಮೀಕ್ಷೆಯಲ್ಲಿ ಶೇಕಡಾ 21.4. 2019–21ರಲ್ಲಿ ಶೇಕಡಾ 21.3. ಹೆಚ್ಚುಕಮ್ಮಿ ಐದರಲ್ಲಿ ಒಬ್ಬಳು. ಬಾಲ್ಯವಿವಾಹ ಹುಟ್ಟುತ್ತಲೇ ಅಸಿಂಧು ಅಂತ ನಮ್ಮ ರಾಜ್ಯ 2016ರಲ್ಲಿ ಕಾಯ್ದೆ ತಿದ್ದಿತು. ಹದಿನೆಂಟಾಗದ ಹೆಂಡತಿಯ ಜೊತೆ ಸಂಬಂಧ ಅತ್ಯಾಚಾರವೇ ಅಂತ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಹೇಳಿತು. ಈ ಕಾನೂನುಗಳು ತಂದೆತಾಯಿಗೆ ಗೊತ್ತಿಲ್ಲ ಅಂತಲ್ಲ. ಮಳೆ ಕೈಕೊಟ್ಟ ವರ್ಷ, ಕಡಲೆಕಾಯಿ ಹೋದ ವರ್ಷ, ಗಂಡ ಹೆಂಡತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಗಳು ಅಜ್ಜಿಯ ಜೊತೆ. ಅಜ್ಜಿಗೆ ಕಣ್ಣು ಮಂಜು, ಮಗಳ ಕೈಯಲ್ಲಿ ಮೊಬೈಲು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮುಖ ಎಲ್ಲಿ ಇಟ್ಕೊಳಾದು" ಅನ್ನುವ ಭಯ ಸುಳ್ಳಲ್ಲ. ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಭಯಕ್ಕೆ ಮದುವೆ ಮದ್ದಲ್ಲ. ರಕ್ತಹೀನತೆ ಇರುವ ಎಳೇ ಮೈಗೆ ಬಸಿರು, ವಯಸ್ಸಿನಲ್ಲಿ ಹಿರಿಯ ಗಂಡ, ಬೇಡ ಅನ್ನಲು ಬಾಯಿಲ್ಲದ ಸ್ಥಿತಿ, ಯಾವುದನ್ನು ತಪ್ಪಿಸಲು ಹೊರಟಿದ್ದೆವೋ ಅದೆಲ್ಲ ಅರಿಸಿನ ಕುಂಕುಮದ ಜೊತೆ ಬರುತ್ತದೆ.

ಹಾಗಾದರೆ ಕಾಯುವುದು ಯಾವುದು? 1997ರಲ್ಲಿ ಅಮೆರಿಕದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಮಾತಾಡಿಸಿ ಮಾಡಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಅಪ್ಪ ಅಮ್ಮನಿಗೆ ನಾನು ಬೇಕು, ಅವರು ನನ್ನವರು ಅಂತ ಅನ್ನಿಸಿದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದೂ ಕಡಿಮೆ, ಕುಡಿತಕ್ಕೆ ಬೀಳುವುದೂ ಕಡಿಮೆ, ಸಾಯುವ ಯೋಚನೆಯೂ ಕಡಿಮೆ. ಆ ದೇಶ ಬೇರೆ, ಅಲ್ಲಿಯ ಮನೆ ಬೇರೆ. ಆದರೂ ಆ ನಂಟಿನ ಮಾತು ನಮಗೆ ಪರಕೀಯವಲ್ಲ. ತಿಳಿಸಿ ಹೇಳಿದರೆ ಮಕ್ಕಳು ಕೆಡುತ್ತಾರೆ ಅನ್ನುವವರಿಗೂ ಉತ್ತರವಿದೆ. ನಾನಾ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ಯುನೆಸ್ಕೊ, ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಸಂಬಂಧಕ್ಕೆ ಇಳಿಯುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ನಾವೋ 2007ರಲ್ಲಿ ಬೇರೆ ಕೆಲವು ರಾಜ್ಯಗಳಂತೆ ಹದಿಹರೆಯದ ಶಿಕ್ಷಣವನ್ನು ಶಾಲೆಯಲ್ಲಿ ತಡೆದೆವು. ಕನ್ನಡದಲ್ಲಿ ಇದನ್ನು ಮರ್ಯಾದೆಯಾಗಿ ಹೇಳಲು ಬಾರದೆ ಅಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಬರೆದಿದ್ದರು, ಅದನ್ನು ಮನೆಮನೆಗಳಲ್ಲಿ ಜನ ಓದಿದ್ದರು.

ಹುಡುಗಿಯರನ್ನು ಶಾಲೆಯಲ್ಲಿ ಉಳಿಸುವುದು, ಮದುವೆ ತಡಮಾಡುವುದು ಸುಲಭದ ಕೆಲಸ ಅಂತ ಹೇಳಲಾರೆ. ವಿಜಯಪುರ, ಬಾಗಲಕೋಟೆಯ 80 ಹಳ್ಳಿಗಳಲ್ಲಿ 2014ರಿಂದ 2017ರವರೆಗೆ 'ಸಮತಾ' ಅನ್ನುವ ಪ್ರಯೋಗ ನಡೆಯಿತು. ಅದರಲ್ಲಿ ಅರ್ಧದಷ್ಟು ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು, ಅವರ ತಂದೆತಾಯಿ, ಹುಡುಗರು, ಶಾಲೆ ಎಲ್ಲರ ಜೊತೆ ಕೆಲಸ ಮಾಡಿದರು. ಕೊನೆಗೆ ಅಳೆದಾಗ ಈ ಕೆಲಸ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ಒಟ್ಟಾರೆ ಹೆಚ್ಚಿನ ಫರಕು ಕಾಣಲಿಲ್ಲ. ಎರಡೂ ಕಡೆ ಹುಡುಗಿಯರ ಓದು ಮುಂದುವರಿದಿತ್ತು, ಮದುವೆ ಮುಂದಕ್ಕೆ ಹೋಗಿತ್ತು. ನನಗೆ ಇದರಲ್ಲಿ ನಿರಾಸೆಗಿಂತ ಧೈರ್ಯವೇ ಕಾಣುತ್ತದೆ. ಊರು ತಾನಾಗಿಯೂ ಬದಲಾಗುತ್ತದೆ.

ಹುಡುಗರ ಕಡೆ ಬರುತ್ತೇನೆ. ಹುಡುಗಿಗೆ ಆಜ್ಞೆಯಾದರೂ ಸಿಕ್ಕಿತು, ಹುಡುಗನಿಗೆ ಅದೂ ಇಲ್ಲ. ಧಾತು ನಷ್ಟ ಅಂತ ಗೋಡೆ ಮೇಲೆ ಬರೆಸುವವನೇ ಅವನ ಮೇಷ್ಟ್ರು, ಉಳಿದದ್ದನ್ನು ಮೊಬೈಲ್ ಕಲಿಸುತ್ತದೆ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ ಅಂತ ಒಬ್ಬ ಅಪ್ಪ ಹೇಳಿದರೆ ಎಷ್ಟು ಹುಡುಗರ ಎಷ್ಟು ರಾತ್ರಿಗಳ ಭಯ ತಪ್ಪುತ್ತದೆ! ಅವನಿಗೆ ಇನ್ನೊಂದು ಮಾತನ್ನೂ ಅಪ್ಪನೇ ಹೇಳಬೇಕು. ಹುಡುಗಿ ಒಪ್ಪಿದರೂ ಅವಳಿಗೆ ಹದಿನೆಂಟು ಆಗಿಲ್ಲದಿದ್ದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ಅದು ಅಪರಾಧ. ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಅಂತ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಹೇಳಿತ್ತು, 2023ರಲ್ಲಿ ಕಾನೂನು ಆಯೋಗ ಹದಿನೆಂಟೇ ಇರಲಿ ಅಂದಿತು. ಪ್ರೀತಿ ಅಂದುಕೊಂಡು ಓಡಿಹೋದ ಎಷ್ಟೋ ಹುಡುಗರು ಜೈಲಲ್ಲಿ ಕೂತಿದ್ದಾರೆ.

ಇನ್ನು ಹೊರಗಿನವರ ಭಯ. ಪೋಕ್ಸೊ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ವರ್ಷವರ್ಷವೂ ಹೇಳುತ್ತಿದೆ. ನೆಂಟ, ನೆರೆಯವ, ಮನೆಗೆ ಬಂದುಹೋಗುವವ. ಬಾಗಿಲು ಭದ್ರ ಮಾಡಿದರೆ ಸಾಲದು.

ಶಾಲೆಗಳಿಗೆ ಹೋದಾಗೆಲ್ಲ ಹುಡುಗಿಯರ ಬಾಯಲ್ಲಿ ನಾನು ಕೇಳುವ ಮಾತು ಒಂದೇ: "ಮನೇಲಿ ಹೇಳಿದ್ರೆ ಸ್ಕೂಲ್ ಬಿಡಿಸ್ತಾರೆ." ಹೀಗೆ ಯೋಚಿಸಿ. ಮಗಳು ಬಂದು "ಅಮ್ಮಾ, ಒಬ್ಬ ಮೆಸೇಜ್ ಮಾಡ್ತಾನೆ" ಅಂದಳು. ಅಮ್ಮ ಮೊಬೈಲ್ ಕಿತ್ತುಕೊಂಡು ಕೆನ್ನೆಗೆ ಬಾರಿಸಿದರೆ ಅಲ್ಲಿಗೆ ಆ ಬಾಗಿಲು ಮುಚ್ಚಿತು. ಮುಂದೆ ತಿಂಗಳು ನಿಂತರೂ ಅವಳು ಹೇಳುವುದಿಲ್ಲ, ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದ ದಿನವೇ ಎಲ್ಲರಿಗೂ ಗೊತ್ತಾಗುವುದು. ಅದರ ಬದಲು ಅಮ್ಮ, "ಯಾವನವ್ನು, ಏನ್ ಬರ್ದವ್ನೆ ತೋರ್ಸು. ನಿನ್ ಸ್ಕೂಲ್ ಬಿಡ್ಸಲ್ಲ, ಹೆದರ್ಕಬೇಡ" ಅಂದರೆ? ಕೋಪ ಆಮೇಲೆ ಮಾಡಿಕೊಳ್ಳೋಣ. ಮೊದಲ ಮಾತು ಇದಾಗಿರಲಿ. ಅಮ್ಮನಿಗೆ ಆಗದಿದ್ದರೆ ಅತ್ತಿಗೆ ಇದ್ದಾಳೆ, ಚಿಕ್ಕಮ್ಮ ಇದ್ದಾಳೆ, ಸೋದರತ್ತೆ ಇದ್ದಾಳೆ. ಅಮ್ಮನಿಗೆ ಹೇಳಲಾಗದ್ದನ್ನು ಅವರ ಹತ್ತಿರ ಹೇಳಿಕೊಳ್ಳುವ ಸಲಿಗೆ ನಮ್ಮ ನೆಂಟಸ್ತಿಕೆಯಲ್ಲಿ ಮೊದಲಿನಿಂದಲೂ ಇದೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿದ್ದರೆ ಆ ಒಬ್ಬರು ಯಾರು ಅಂತ ಹೋಗುವ ಮುಂಚೆಯೇ ಗೊತ್ತುಮಾಡಿ, ಮಗುವಿಗೂ ಹೇಳಿ ಹೋಗಿ.

ಕೈಮೀರಿದ್ದರೂ ದಾರಿ ಇದೆ. ಅಪ್ರಾಪ್ತೆಯ ಗರ್ಭಪಾತಕ್ಕೆ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ 24 ವಾರದವರೆಗೆ ಅವಕಾಶವಿದೆ, ಪೋಷಕರ ಒಪ್ಪಿಗೆ ಬೇಕು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಪೋಕ್ಸೊ ಪ್ರಕಾರ ವೈದ್ಯರು ಪೊಲೀಸರಿಗೆ ಕೊಡಬೇಕಾದ ಮಾಹಿತಿಯಲ್ಲಿ ಹುಡುಗಿಯ ಹೆಸರು ವಿವರ ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ. ಇದು ಗೊತ್ತಿಲ್ಲದೆ ನಾಟಿ ಮದ್ದು, ಮೆಡಿಕಲ್ ಸ್ಟೋರಿನ ಮಾತ್ರೆ ಅಂತ ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳುವವರಿದ್ದಾರೆ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಆಪ್ತ ಸಮಾಲೋಚಕರು ಸಿಗುತ್ತಾರೆ. 1098ಕ್ಕೆ ಮಕ್ಕಳೇ ಫೋನ್ ಮಾಡಬಹುದು, ದುಡ್ಡಿಲ್ಲ.

ಈಗ ನಿಮ್ಮ ಪ್ರಶ್ನೆಗಳು. ಎಲ್ಲರೆದುರು ಕೇಳಲು ಆಗದವರು ಚೀಟಿಯಲ್ಲಿ ಬರೆದು ಮುಂದಕ್ಕೆ ಕಳಿಸಿ, ಹೆಸರು ಬೇಡ. ಹಿಂದೆ ನಿಂತಿರುವ ಹುಡುಗರಿಗೂ ಒಂದಷ್ಟು ಕಾಗದ ಕೊಡಿ.