ಅಂಗದಾನ: ಮನೆಯಲ್ಲಿ ಆಡದ ಮಾತು

(ವಾರ್ಷಿಕ ಸಮಾವೇಶದಲ್ಲಿ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಮೊದಲು ನಿಮ್ಮನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗುವಿಗೆ ಬೇರೆಯವರ ಕಾರ್ನಿಯಾ ಹಾಕಿದರೆ ದೃಷ್ಟಿ ಬರುತ್ತದೆ ಎಂದು ಡಾಕ್ಟರು ಹೇಳಿದರೆ ನೀವು ಬೇಡ ಎನ್ನುವಿರಾ? ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ಇದನ್ನೇ ಕೇಳಿದ್ದೆ. ಎಲ್ಲರೂ ಬೇಕು ಎಂದು ಕೈ ಎತ್ತಿದರು. ಹಾಗಾದರೆ ನಿಮ್ಮ ಮರಣಾನಂತರ ನಿಮ್ಮ ಕಣ್ಣು ಕೊಡುವಿರಾ ಎಂದೆ. ಎತ್ತಿದ ಕೈಗಳು ಇಳಿದವು. ಹಿಂದಿನ ಸಾಲಿನಿಂದ ಯಾರೋ "ತೌಬಾ" ಎಂದರು.

ಅವರನ್ನು ದೂರುವ ಹಕ್ಕು ನನಗಿಲ್ಲ. 2016ರಲ್ಲಿ ನನ್ನ ಅಣ್ಣ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ. ನಾಲ್ಕನೆಯ ದಿನ ಬ್ರೇನ್ ಡೆತ್ ಆಗಿದೆ ಎಂದರು. ಎದೆ ಏರಿಳಿಯುತ್ತಿತ್ತು, ಕೈ ಬೆಚ್ಚಗಿತ್ತು. ಆಸ್ಪತ್ರೆಯ ಒಬ್ಬ ಹೆಣ್ಣುಮಗಳು ಬಂದು ಮೆಲುದನಿಯಲ್ಲಿ ಅಂಗದಾನದ ವಿಷಯ ಎತ್ತಿದರು. ಮಾಮೂ ಸಿಟ್ಟಾದರು. ಅಬ್ಬಾ ಮಾತಾಡಲಿಲ್ಲ. ಅಮ್ಮಿ ಮಾತ್ರ, "ಅವನು ಯಾವತ್ತಾದರೂ ಇದರ ಬಗ್ಗೆ ಹೇಳಿದ್ದನಾ?" ಎಂದು ನಮ್ಮನ್ನೆಲ್ಲ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬೇಡ ಎಂದೆವು. ಅದು ತಪ್ಪಾಯಿತು ಎಂದು ನಾನು ಇಂದಿಗೂ ಹೇಳಲಾರೆ. ಆದರೆ ಅಂದು ಉತ್ತರ ಕೊಟ್ಟದ್ದು ನಮ್ಮ ಗಾಬರಿ. ಅಣ್ಣನ ಮನಸ್ಸಿನಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ.

ಕೋಮಾ ಬೇರೆ, ಬ್ರೇನ್ ಡೆತ್ ಬೇರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ, ಬಿ.ಎಡ್. ಓದಿದವಳಾದರೂ. ಕೋಮಾದಲ್ಲಿರುವವರ ಮೆದುಳು ಜೀವಂತವಾಗಿರುತ್ತದೆ, ಅವರು ಚೇತರಿಸಿಕೊಳ್ಳಲೂಬಹುದು. ಬ್ರೇನ್ ಡೆತ್ ಆದವರ ಉಸಿರು ಕೇವಲ ವೆಂಟಿಲೇಟರ್‌ನದು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಹಿ ಹಾಕಬೇಕು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರುವಂತಿಲ್ಲ. ಅಂಗಗಳನ್ನು ಮಾರುವುದು, ಕೊಳ್ಳುವುದು ಜೈಲು ಶಿಕ್ಷೆಯ ಅಪರಾಧ. ನಮ್ಮ ರಾಜ್ಯದಲ್ಲಿ ಯಾರ ಅಂಗ ಯಾರಿಗೆ ಎಂಬ ಸರದಿಯನ್ನು 'ಜೀವಸಾರ್ಥಕತೆ' ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಕಣ್ಣಿಗೆ ಇಷ್ಟೆಲ್ಲ ಬೇಕಿಲ್ಲ. ಸಾಮಾನ್ಯ ಮರಣವಾದರೂ ಸಾಕು, ಆರು ಗಂಟೆಯೊಳಗೆ ತೆಗೆಯಬೇಕು, ಅಷ್ಟೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದೇ ವರ್ಷ ನಟ ಸಂಚಾರಿ ವಿಜಯ್ ನನ್ನ ಅಣ್ಣನಂತೆಯೇ ಬೈಕ್ ಅಪಘಾತದಲ್ಲಿ ಬ್ರೇನ್ ಡೆತ್ ಆದರು. ಅವರ ಮನೆಯವರು ಹೂಂ ಎಂದರು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳಿಗೆ ಬರುತ್ತೇನೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳ ನಾನಿ ನನ್ನನ್ನು ಕೇಳಿದರು: "ಕಣ್ಣು ಕೊಟ್ಟರೆ ಕಿಯಾಮತ್ ದಿನ ಕುರುಡಿಯಾಗಿ ಏಳಬೇಕಾ ಟೀಚರ್?" ಮಣ್ಣಾದ ಮೂಳೆಗಳನ್ನು ಎಬ್ಬಿಸಬಲ್ಲವನಿಗೆ ಒಂದು ಕಾರ್ನಿಯಾ ಕಷ್ಟವೇ ನಾನಿ, ಎಂದೆ. ಅವರು ನಕ್ಕರು, ಒಪ್ಪಿದರೋ ತಿಳಿಯದು. ಇನ್ನು ಗುಸ್ಲ್, ಕಫನ್, ಜನಾಜಾ ಎಲ್ಲವೂ ಎಂದಿನಂತೆಯೇ ನಡೆಯುತ್ತವೆ. ಹೊಲಿಗೆ ಹಾಕಿ ದೇಹವನ್ನು ಗೌರವದಿಂದ ಒಪ್ಪಿಸುತ್ತಾರೆ. ದಫನ್ ಕೆಲವು ಗಂಟೆ ತಡವಾಗುತ್ತದೆ, ನಿಜ. ಆದರೆ ಅಪಘಾತದ ಸಾವಿಗೆ ಪೋಸ್ಟ್‌ಮಾರ್ಟಮ್ ಹೇಗೂ ತಪ್ಪುವುದಿಲ್ಲ. ಅಣ್ಣನ ದೇಹಕ್ಕೂ ಕತ್ತಿ ತಗುಲಿತು, ಪೊಲೀಸರ ಕಾಗದಕ್ಕಾಗಿ.

ದೀನಿನ ಪ್ರಶ್ನೆಯನ್ನು ನಾನು ಹಗುರವಾಗಿ ಆಡಬಾರದು, ನಾನು ಆಲಿಮಾ ಅಲ್ಲ. ಸೌದಿ ಅರೇಬಿಯಾದ ಹಿರಿಯ ಉಲಮಾ ಮಂಡಳಿ 1982ರಲ್ಲಿಯೂ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿಯೂ ಷರತ್ತುಗಳೊಂದಿಗೆ ಅಂಗದಾನವನ್ನು ಒಪ್ಪಿವೆ. ಮಾರಾಟ ಕೂಡದು, ಸಮ್ಮತಿ ಇರಬೇಕು ಎಂಬುದು ಮುಖ್ಯ ಷರತ್ತು. ಆದರೆ ನಮ್ಮ ಉಪಖಂಡದ ಅನೇಕ ಮುಫ್ತಿಗಳು ಮರಣಾನಂತರದ ದಾನವನ್ನು ಒಪ್ಪಿಲ್ಲ. ಶರೀರ ಅಲ್ಲಾಹನ ಅಮಾನತ್ತು, ಮೃತದೇಹದ ಮರ್ಯಾದೆ ಕೆಡಬಾರದು ಎಂಬುದು ಅವರ ವಾದ. ಒಪ್ಪಿದವರು ಜೀವ ಉಳಿಸುವುದರ ಪುಣ್ಯವನ್ನು ಸಾರುವ ಸೂರಾ ಮಾಇದಾದ 32ನೆಯ ಆಯತ್ತನ್ನು ಮುಂದಿಡುತ್ತಾರೆ. ಎರಡೂ ಕಡೆ ವಿದ್ವಾಂಸರಿದ್ದಾರೆ. ಆದ್ದರಿಂದ ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿ. ಆದರೆ ಸರಿಯಾಗಿ ಕೇಳಿ: ಜೀವಂತ ಇರುವಾಗ ಕಿಡ್ನಿ ಕೊಡುವುದು, ಮರಣದ ನಂತರ ಕಣ್ಣು ಕೊಡುವುದು, ಬ್ರೇನ್ ಡೆತ್ ಆದಾಗ ಹೃದಯ ಕೊಡುವುದು, ಇವು ಮೂರು ಬೇರೆ ಬೇರೆ ಮಸಲೆಗಳು. ಒಟ್ಟಿಗೇ "ಜಾಯಿಜಾ?" ಎಂದು ಕೇಳಿದರೆ ಅವರಿಗೂ ಕಷ್ಟ.

ನಾವು ಮಾತಾಡದೆ ಇರುವುದರ ಭಾರ ಯಾರ ಮೇಲೆ ಬೀಳುತ್ತಿದೆ ಎಂಬುದನ್ನೂ ನೋಡಿ. 2023ರಲ್ಲಿ ಇಡೀ ದೇಶದಲ್ಲಿ ಮರಣಾನಂತರ ಅಂಗದಾನ ಮಾಡಿದವರು ಸಾವಿರದ ಆಸುಪಾಸು. ಉಳಿದ ಕಿಡ್ನಿಗಳೆಲ್ಲ ಜೀವಂತ ಇರುವವರಿಂದ ಬಂದವು. ನಮ್ಮ ದೇಶದಲ್ಲಿ ಹಾಗೆ ಕೊಡುವವರಲ್ಲಿ ಹೆಚ್ಚಿನವರು ಹೆಂಡತಿಯರು, ತಾಯಂದಿರು. ಗಂಡಸರು ಸಭೆಯಲ್ಲಿ ಚರ್ಚಿಸುತ್ತಾರೆ, ಹೆಂಗಸರು ಆಪರೇಷನ್ ಥಿಯೇಟರಿಗೆ ಹೋಗುತ್ತಾರೆ!

ದಾನದ ಕಾರ್ಡಿಗೆ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಕಾರ್ಡ್ ಇದ್ದರೂ ಕಡೆಯ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ. ಕೊಡಬೇಕು ಎಂದಿದ್ದರೂ ಸರಿ, ಬೇಡ ಎಂದಿದ್ದರೂ ಸರಿ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆ ಹೇಳಿಬಿಡಿ.

ನನ್ನ ಅಮ್ಮಿ ತಮ್ಮ ಕಣ್ಣುಗಳ ಬಗ್ಗೆ ನನಗೆ ಹೇಳಿಯಾಗಿದೆ. ಅಬ್ಬಾ, ಮೌಲಾನಾ ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಇನ್ನೂ ಕೇಳಿಲ್ಲ.