ಎಕ್ಸ್ ಒತ್ತುವ ಮುನ್ನ

ನನ್ನನ್ನು 'ಆಂಟಿ' ಎಂದು ಕರೆಯುವ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮಗಾಗಿಯೇ.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ರಾಜ್ಯೋತ್ಸವ ಹೇಗೆ ಮುಗಿಯುತ್ತದೆ ಅಂತ ನಿಮಗೆ ಗೊತ್ತು. ಹಾಲ್ ಗುಡಿಸಿ, ಕುರ್ಚಿ ಜೋಡಿಸಿ, ಬೀಗದ ಕೈ ಒಪ್ಪಿಸಿ ಮನೆ ಸೇರುವಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಶುರು: "ಆಂಟಿ, ಫೋಟೋ ಯಾವಾಗ ಹಾಕ್ತೀರಿ?" ಕಾರ್ಡಿನಲ್ಲಿ ಸಾವಿರದ ಇನ್ನೂರು ಚಿತ್ರಗಳಿರುತ್ತವೆ. ತೆಗೆಯುವುದಕ್ಕೆ ಎಲ್ಲರಿಗೂ ಹುಮ್ಮಸ್ಸು, ಕೂತು ಆರಿಸುವುದಕ್ಕೆ ಯಾರೂ ಇಲ್ಲ. ನಾಲ್ಕು ವರ್ಷದಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಸಲ ಅದನ್ನು ನಿಮ್ಮ ಕೈಗೆ ಒಪ್ಪಿಸಬೇಕೆಂದಿದ್ದೇನೆ.

ನಾನು ಬಳಸುವುದು ಲೈಟ್‌ರೂಮ್ ಕ್ಲಾಸಿಕ್. ಅದಕ್ಕೆ ದುಡ್ಡು ಕಟ್ಟಬೇಕು. ಬೇಡವಾದರೆ ಡಾರ್ಕ್‌ಟೇಬಲ್ ಉಚಿತವಾಗಿ ಸಿಗುತ್ತದೆ. ಯಾವುದೇ ಆಗಲಿ, ಮೊದಲು ಚಿತ್ರಗಳನ್ನು ಕಂಪ್ಯೂಟರಿಗೂ ಇನ್ನೊಂದು ಡ್ರೈವಿಗೂ ಹಾಕಿಕೊಳ್ಳಿ. ಅಲ್ಲಿಯವರೆಗೆ ಕಾರ್ಡನ್ನು ಅಳಿಸಬೇಡಿ.

ಆರಿಸುವುದಕ್ಕೆ ಮೂರು ಸುತ್ತು. ಊರಿಗೆ ಹೋದಾಗ ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತದ್ದನ್ನು ನೋಡಿದ್ದೀರಾ? ಅವರು ಚೆಂದದ ಅಕ್ಕಿಕಾಳು ಹುಡುಕುವುದಿಲ್ಲ, ಕಲ್ಲು ಮಾತ್ರ ತೆಗೆಯುತ್ತಾರೆ. ಮೊದಲ ಸುತ್ತು ಅಷ್ಟೇ. ನೆಲದ ಚಿತ್ರ, ಎದುರು ಸಾಲಿನವರ ತಲೆಯ ಚಿತ್ರ, ಪೂರ್ತಿ ಕಪ್ಪಾದದ್ದು, ಇವಕ್ಕೆ ಎಕ್ಸ್ ಒತ್ತಿ. ಕ್ಯಾಪ್ಸ್ ಲಾಕ್ ಹಾಕಿಟ್ಟರೆ ಒತ್ತಿದ ಕೂಡಲೇ ಮುಂದಿನ ಚಿತ್ರ ತಾನಾಗಿಯೇ ಬರುತ್ತದೆ.

ಎರಡನೆಯದರಲ್ಲಿ ಬೇಕಾದ್ದಕ್ಕೆ ಪಿ. ಒಂದೇ ಕುಣಿತದ ಎಂಟು ಚಿತ್ರಗಳಿದ್ದರೆ ಎಂಟನ್ನೂ ಗುರುತು ಮಾಡಿ ಎನ್ ಒತ್ತಿ, ಒಟ್ಟಿಗೆ ಕಾಣುತ್ತವೆ. ಎರಡರ ನಡುವೆ ಗೊಂದಲವಾದರೆ ಸಿ ಒತ್ತಿ, ಅಕ್ಕಪಕ್ಕ ಬರುತ್ತವೆ. ಹಿಗ್ಗಿಸಿ ಕಣ್ಣು ನೋಡಿ. ಒಂದೋ ಎರಡೋ ಸಾಕು.

ಮೂರನೆಯ ಸುತ್ತು ಮಾರನೆಯ ದಿನ, ನಿದ್ದೆ ಮಾಡಿ ಎದ್ದ ಕಣ್ಣಿನಿಂದ. ಆಗ ನಕ್ಷತ್ರ ಕೊಡಿ. ಸಾವಿರದ ಇನ್ನೂರು ನೂರೈವತ್ತಕ್ಕೆ ಇಳಿಯುತ್ತದೆ. ಬಣ್ಣ, ಬೆಳಕು ತಿದ್ದುವುದೆಲ್ಲ ಆಮೇಲೆ. ಮೊದಲೇ ತಿದ್ದಲು ಕೂತರೆ ಕೊನೆಗೆ ಬಳಸದ ಚಿತ್ರಕ್ಕೆ ಅರ್ಧ ಗಂಟೆ ಹಾಳು.

ಇಷ್ಟನ್ನು ಯಾರಾದರೂ ಹೇಳಿಕೊಟ್ಟಾರು. ನಾನು ಹೇಳಬೇಕಾದದ್ದು ಬೇರೆ ಇದೆ.

ಮೊದಲ ವರ್ಷ ನನಗೆ ಅವಸರ. ಎಕ್ಸ್ ಬಿದ್ದ ಚಿತ್ರಗಳನ್ನು ಅಳಿಸಲು ಹೊರಟಾಗ ಲೈಟ್‌ರೂಮ್ ಕೇಳುತ್ತದೆ: ನನ್ನ ಪಟ್ಟಿಯಿಂದ ಮಾತ್ರ ತೆಗೆಯಲೋ, ಡಿಸ್ಕಿನಿಂದಲೇ ಅಳಿಸಲೋ? ನಾನು ಡಿಸ್ಕಿನಿಂದಲೇ ಅಂದೆ. ಇನ್ನೊಂದು ಪ್ರತಿ ಇಡುವ ಬುದ್ಧಿ ಆಗ ಇರಲಿಲ್ಲ. ಕಾರ್ಡನ್ನೂ ಅಳಿಸಿದ್ದೆ.

ಆ ಗುಂಪಿನಲ್ಲಿ ವೇದಿಕೆಯ ಪಕ್ಕದಿಂದ ತೆಗೆದ ಒಂದು ಚಿತ್ರವಿತ್ತು. ಕುಣಿಯುವ ಹುಡುಗಿ ಮಸುಕು. ಫೋಕಸ್ ಅವಳನ್ನು ಬಿಟ್ಟು ಹಿಂದೆ ಮುಂಸಾಲಿನಲ್ಲಿ ಕೂತವರ ಮೇಲೆ ಬಿದ್ದಿತ್ತು. ಅಲ್ಲಿ ತುಮಕೂರಿನಿಂದ ಬಂದಿದ್ದ ಅವಳ ಅಜ್ಜಿ, ಗಲ್ಲಕ್ಕೆ ಕೈಯಿಟ್ಟು ಮೊಮ್ಮಗಳನ್ನೇ ನೋಡುತ್ತಿದ್ದರು. ಕುಣಿತದ ಚಿತ್ರವಾಗಿ ಅದು ಕೆಟ್ಟಿತ್ತು. ಎಕ್ಸ್ ಒತ್ತಿದೆ.

ಅಜ್ಜಿ ಊರಿಗೆ ಮರಳಿದರು. ಮಾರ್ಚಿಯಲ್ಲಿ ತೀರಿಕೊಂಡರು. ಮಗಳು ನನಗೆ ಫೋನ್ ಮಾಡಿ, "ಆವತ್ತಿನ ಕಾರ್ಯಕ್ರಮದಲ್ಲಿ ಅಮ್ಮನದೊಂದು ಫೋಟೋ ಇದೆಯೇನ್ರೀ?" ಅಂತ ಕೇಳಿದರು. "ಇಲ್ಲ ಕಣ್ರೀ" ಅಂದೆ. ಇತ್ತು, ನಾನೇ ಅಳಿಸಿದೆ ಎನ್ನಲು ಬಾಯಿ ಬರಲಿಲ್ಲ. ಇವತ್ತು ಹೇಳುತ್ತಿದ್ದೇನೆ. ಅವರು ಕೇಳುತ್ತಿದ್ದರೆ ಕ್ಷಮಿಸಲಿ.

ಕನ್ನಡ ಎಂ.ಎ.ಯಲ್ಲಿ ನಮಗೆ ಗ್ರಂಥಸಂಪಾದನೆ ಎಂಬ ಪಾಠವಿತ್ತು. ಹಳೆಯ ಕಾವ್ಯದ ಹಲವು ಓಲೆಗರಿ ಪ್ರತಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಪಾಠ. ಸಂಪಾದಕ ಸರಿಯೆನಿಸಿದ್ದನ್ನು ಆರಿಸಿ ಮೇಲೆ ಇಡುತ್ತಾನೆ. ಉಳಿದವನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಓಲೆಗರಿಯನ್ನು ಒಲೆಗೆ ಹಾಕುವುದಿಲ್ಲ. ತನಗೆ ತಪ್ಪೆನಿಸಿದ್ದು ಮುಂದಿನವರಿಗೆ ಸರಿಯೆನಿಸೀತು. ಪರೀಕ್ಷೆಗೆ ಇದನ್ನೆಲ್ಲ ಬರೆದವಳೇ ನಾನು. ಕೀಬೋರ್ಡಿನ ಮುಂದೆ ಮಾತ್ರ ಮರೆತೆ.

ಅದಕ್ಕೇ ಈಗ ನನ್ನ ನಿಯಮ ಎರಡು. ಎಕ್ಸ್ ಎಂದರೆ 'ಆಲ್ಬಮ್ಮಿಗೆ ಬೇಡ' ಅಷ್ಟೇ. ಅಳಿಸುವ ಮೊದಲು ಒಂದು ವರ್ಷ ಇಟ್ಟುಕೊಳ್ಳುತ್ತೇನೆ. ಅಳಿಸುವ ದಿನವೂ ನಡುವೆ ಇರುವವರನ್ನು ಬಿಟ್ಟು ಅಂಚಿನಲ್ಲಿ ಯಾರಿದ್ದಾರೆ ಅಂತ ನೋಡುತ್ತೇನೆ. ವೇದಿಕೆಯ ಮೇಲಿನವರ ಚಿತ್ರ ನೂರಿರುತ್ತದೆ. ನೋಡಲು ಬಂದ ಅಜ್ಜ, ಅಜ್ಜಿ, ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಕಲಸಿದವರು, ಇವರದ್ದು ಇದ್ದರೆ ಒಂದು.

ಇನ್ನೊಂದು ಕೆಲಸ ನಿಮ್ಮದೇ. ಕ್ಯಾಪ್ಷನ್ ಜಾಗದಲ್ಲಿ ಕನ್ನಡದಲ್ಲೇ ಬರೆಯಬಹುದು. ಲ್ಯಾಪ್‌ಟಾಪ್ ಹಿಡಿದು ಅಪ್ಪ ಅಮ್ಮನ ಪಕ್ಕ ಕೂತು "ಇವರ್ಯಾರು? ಯಾವ ಊರಿನವರು?" ಅಂತ ಕೇಳಿ, ಬರೆದಿಡಿ. ಹೆಸರು ಹೇಳಬಲ್ಲವರು ಇನ್ನೂ ಜೊತೆಗಿರುವಾಗಲೇ ಕೇಳಿ.

ನವೆಂಬರಿನಲ್ಲಿ ಕಾರ್ಡು ನಿಮ್ಮ ಕೈಗೆ ಬರುತ್ತದೆ. ಕೂರಲು ಬನ್ನಿ, ಕಾಫಿ ನನ್ನದು.